ಎರಡು ರೋಬೋಟ್ ಕೈಗಳ ನಡುವೆ ಪೆಟ್ಟಿಗೆಯ ಭಾರ ಹಂಚುವುದು ಹೇಗೆ

ಹತ್ತು ಕೆಜಿ ಎತ್ತಬಲ್ಲ ಒಂದು ರೋಬೋಟ್ ಕೈ ಇದೆ. ಅಂಥದ್ದೇ ಇನ್ನೊಂದನ್ನು ಎದುರಿಗೆ ನಿಲ್ಲಿಸಿದರೆ ಇಪ್ಪತ್ತು ಕೆಜಿಯ ಪೆಟ್ಟಿಗೆ ಎತ್ತಬಹುದು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಹಿಡಿಕೆ, ಅಂಚು ಏನೂ ಇಲ್ಲದ ಪೆಟ್ಟಿಗೆಯನ್ನು ಎರಡೂ ಬದಿಯಿಂದ ಅಂಗೈ ಇಟ್ಟು ಅದುಮಿ ಎತ್ತುವುದಾದರೆ ಆ ಜೋಡಿ ಎತ್ತುವುದು ಸುಮಾರು ಐದೂವರೆ ಕೆಜಿ ಮಾತ್ರ. ಗ್ರಿಪ್ಪರ್ (ವಸ್ತುವನ್ನು ಕಚ್ಚಿ ಹಿಡಿಯುವ ಇಕ್ಕುಳ) ಹಾಕಿದ ಒಂಟಿ ಕೈಗಿಂತಲೂ ಕಡಿಮೆ.

ಲೆಕ್ಕ ನೋಡಿ. 10 ಕೆಜಿ ಅಂದರೆ ಮಣಿಕಟ್ಟಿನಲ್ಲಿ ಸುಮಾರು 98 ನ್ಯೂಟನ್ ಬಲ. ಕೈ ಎಷ್ಟು ಚಾಚಿದೆ ಎನ್ನುವುದರ ಮೇಲೆ ಇದು ಏರಿಳಿಯುತ್ತದೆ, ಸದ್ಯಕ್ಕೆ ಎಲ್ಲ ದಿಕ್ಕಿಗೂ ಇಷ್ಟೇ ಎಂದುಕೊಳ್ಳೋಣ. ರಬ್ಬರ್ ಪ್ಯಾಡಿಗೂ ರಟ್ಟಿಗೂ ನಡುವಿನ ಘರ್ಷಣಾ ಗುಣಾಂಕ 0.4, ಸುರಕ್ಷತೆಗೆ 1.4 ಪಟ್ಟು ಅಂತರ. ಹಾಗಾದರೆ ಪ್ಯಾಡಿನ ಮೇಲೆ ಒತ್ತುವ ಪ್ರತಿ 100 ನ್ಯೂಟನ್ನಿಗೆ ಮೇಲೆತ್ತಲು ಸಿಗುವುದು 28.6 ನ್ಯೂಟನ್. ಒತ್ತುವುದು, ಎತ್ತುವುದು ಲಂಬಕೋನದಲ್ಲಿರುವುದರಿಂದ ಅವುಗಳ ವರ್ಗಗಳ ಮೊತ್ತದ ವರ್ಗಮೂಲ 98 ದಾಟಬಾರದು ಎಂದರೆ ಒತ್ತುವ ಬಲ 94, ಎತ್ತುವ ಬಲ 27. ಎರಡು ಕೈ ಸೇರಿ 54 ನ್ಯೂಟನ್, ಅಂದರೆ 5.5 ಕೆಜಿ. ಕೈಗಳ ತ್ರಾಣದ ಬಹುಪಾಲು ಒಂದನ್ನೊಂದು ಎದುರಿಸುವುದಕ್ಕೇ ಹೋಯಿತು. ಪೆಟ್ಟಿಗೆಯ ಕೆಳಗೆ ಬೆರಳು ತೂರಿಸಲು ಜಾಗವಿದ್ದರೆ, ಅಥವಾ ಎರಡು ಸೆಂಟಿಮೀಟರಿನ ಒಂದು ಅಂಚು ಸಿಕ್ಕರೆ, ಈ ಇಡೀ ಚಿತ್ರ ಬದಲಾಗುತ್ತದೆ. ಬಲ ಹಂಚಿಕೆಯ ಬಗ್ಗೆ ಯಾವ ಅಲ್ಗಾರಿದಮ್ ಓದುವ ಮೊದಲೂ ಹಿಡಿತದ ಜಾಗವನ್ನು ಇನ್ನೊಮ್ಮೆ ನೋಡಿ ಎನ್ನುವುದು ಅದಕ್ಕೇ.

ಮೊತ್ತ ಮತ್ತು ಮಿಕ್ಕಿದ್ದು

ಒಂದೇ ವಸ್ತುವನ್ನು ಹಲವು ಕೈಗಳೋ ಬೆರಳುಗಳೋ ಹಿಡಿದಾಗ ಅವುಗಳ ಬಲದಲ್ಲಿ ಎರಡು ಪಾಲು ಇರುತ್ತದೆ. ಮೊದಲನೆಯದು ವಸ್ತುವನ್ನು ಎತ್ತಿ ಚಲಿಸುವ ಪಾಲು. ಎಲ್ಲ ಬಲಗಳ ಮೊತ್ತ, ಎಲ್ಲ ತಿರುಚುಬಲಗಳ ಮೊತ್ತ ಎಷ್ಟಿರಬೇಕು ಎಂಬುದನ್ನು ವಸ್ತುವಿನ ತೂಕ ಮತ್ತು ವೇಗವರ್ಧನೆಯೇ ತೀರ್ಮಾನಿಸುತ್ತವೆ. ಅಲ್ಲಿ ಆರು ಸಮೀಕರಣ (ಬಲಕ್ಕೆ ಮೂರು, ತಿರುಚುಬಲಕ್ಕೆ ಮೂರು), ಚೌಕಾಸಿಗೆ ಎಡೆಯಿಲ್ಲ. ಎರಡನೆಯದು ಒಂದನ್ನೊಂದು ರದ್ದುಮಾಡುವ ಪಾಲು, ಆಂತರಿಕ ಬಲ. ಇದರಿಂದ ವಸ್ತು ಒಂದು ಕೂದಲಿನಷ್ಟೂ ಅಲುಗದು, ಆದರೆ ಅದರೊಳಗೆ ಒತ್ತಡವೋ ಎಳೆತವೋ ತಿರುಚೋ ತುಂಬುತ್ತದೆ. ಈ ಪಾಲನ್ನು ಆರಿಸುವ ಸ್ವಾತಂತ್ರ್ಯ ನಮ್ಮದು. ನಾವು ಆರಿಸದೆ ಬಿಟ್ಟರೂ ಅದು ಸೊನ್ನೆಯಾಗುವುದಿಲ್ಲ. ಕ್ಯಾಲಿಬ್ರೇಷನ್ ದೋಷ, ಕೀಲುಗಳ ಬಿಗಿತ, ಕಂಟ್ರೋಲರಿನ ವಿಳಂಬ ಇವೆಲ್ಲ ಸೇರಿ ನಮ್ಮ ಪರವಾಗಿ ಆರಿಸುತ್ತವೆ. ಎರಡು ಕೈ ಕೂಡಿ ಕೆಲಸ ಮಾಡುವ ಕಡೆ ಕಾಣುವ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ಜಾತ್ರೆಯಲ್ಲಿ ನಾಲ್ವರು ಪಲ್ಲಕ್ಕಿ ಹೊತ್ತಾಗಲೂ ಇದೇ ಸ್ಥಿತಿ. ನಾಲ್ಕು ಹೆಗಲು, ಮೂರು ಸಮೀಕರಣ: ಒಟ್ಟು ತೂಕ, ಹಿಂದೆಮುಂದೆ ವಾಲುವುದು, ಎಡಬಲ ವಾಲುವುದು. ಮೂಲೆಯಿಂದ ಮೂಲೆಗೆ ಎದುರಾಗಿರುವ ಇಬ್ಬರು ಸ್ವಲ್ಪ ಎತ್ತರವಾಗಿದ್ದರೆ ಭಾರ ಅವರ ಮೇಲೆಯೇ ಕೂರುತ್ತದೆ, ಉಳಿದಿಬ್ಬರು ಬರೀ ಜೊತೆಗೆ ನಡೆಯುತ್ತಾರೆ. ಒಟ್ಟು ತೂಕ ಬದಲಾಗಿಲ್ಲ, ಹಂಚಿಕೆ ಮಾತ್ರ ಬೇರೆಯಾಗಿದೆ.

ಎಷ್ಟು ಸ್ವಾತಂತ್ರ್ಯವಿದೆ ಎಂಬುದು ಸುಲಭದ ಎಣಿಕೆ. ವಸ್ತುವನ್ನು ಗಟ್ಟಿಯಾಗಿ ಕಚ್ಚಿ ಹಿಡಿದ ಪ್ರತಿ ಕೈಯೂ ಮೂರು ಬಲ, ಮೂರು ತಿರುಚುಬಲ ಕೊಡಬಲ್ಲದು. ಎರಡು ಕೈಗೆ 12; ಆರು ಸಮೀಕರಣ ಕಳೆದರೆ ಮಿಕ್ಕಿದ್ದು ಆರು. ಮೂರು ಕೈಗೆ 12 ಮಿಗುತ್ತವೆ. ಬೆರಳ ತುದಿಯಂಥ ಬಿಂದು ಸ್ಪರ್ಶವಾದರೆ ಪ್ರತಿಯೊಂದಕ್ಕೂ ಮೂರೇ ಬಲ. ಒಂದೇ ಸಾಲಿನಲ್ಲಿಲ್ಲದ ಮೂರು ಬೆರಳಿಗೆ ಒಂಬತ್ತರಲ್ಲಿ ಮೂರು ಮಿಗುತ್ತವೆ. ಬೆರಳ ತುದಿಗಳನ್ನು ಸೇರಿಸುವ ತ್ರಿಕೋನದ ಮೂರು ಬಾಹುಗಳ ಉದ್ದಕ್ಕೂ ಜೋಡಿಜೋಡಿಯಾಗಿ ಅದುಮುವ ಬಲಗಳೇ ಅವು. ಎರಡೇ ಬಿಂದುಗಳಿದ್ದರೆ ಒಂದು ಎಚ್ಚರ: ಅವನ್ನು ಸೇರಿಸುವ ಗೆರೆಯ ಸುತ್ತ ವಸ್ತು ತಿರುಗುವುದನ್ನು ಅವು ತಡೆಯಲಾರವು. ಆರಕ್ಕೆ ಆರು ಸರಿಹೋಯಿತು ಎಂದು ಮೇಲ್ನೋಟಕ್ಕೆ ಕಂಡರೂ ಐದು ಸಮೀಕರಣ ಮಾತ್ರ ಕೈಗೆಟುಕುತ್ತವೆ, ಒಂದು ಸ್ವಾತಂತ್ರ್ಯ ಅದುಮುವುದಕ್ಕೆ ಮಿಗುತ್ತದೆ. ನೀರು ತುಂಬಿದ ಡಬ್ಬವನ್ನು ಎರಡು ಚೂಪು ಬೆರಳಲ್ಲಿ ಹಿಡಿದರೆ ಅದು ಜೋಲಾಡುವುದು ಈ ಕಾರಣಕ್ಕೆ.

ಈ ಲೆಕ್ಕಕ್ಕೆ ಒಳ್ಳೆಯ ಅಡಿಪಾಯ ಬಿದ್ದದ್ದು 1980ರ ದಶಕದಲ್ಲಿ. ಅದಕ್ಕೂ ಮೊದಲು, 1974ರಲ್ಲೇ, ಜಪಾನಿನ ನಕಾನೊ ಮತ್ತು ಸಂಗಡಿಗರು ಮೆಲಾರ್ಮ್ ಎಂಬ ಜೋಡಿ ಕೈಯಲ್ಲಿ ಒಂದು ಕೈ ಮುಂದಾಳು, ಇನ್ನೊಂದು ಹಿಂಬಾಲಕ ಎಂಬ ವ್ಯವಸ್ಥೆ ಮಾಡಿದ್ದರು. ಮುಂದೆ ಸ್ಟ್ಯಾನ್‌ಫರ್ಡಿನಲ್ಲಿ ಸಾಲಿಸ್ಬರಿ ಮೂರು ಬೆರಳಿನ, ಒಂಬತ್ತು ಕೀಲಿನ ಕೈಯ ಮೇಲೆ ಕೆಲಸ ಮಾಡುತ್ತಾ ಬೆರಳ ಬಲಗಳನ್ನೂ ವಸ್ತುವಿನ ಮೇಲಿನ ಒಟ್ಟು ಬಲವನ್ನೂ ಜೋಡಿಸುವ ಗ್ರಾಸ್ಪ್ ಮ್ಯಾಟ್ರಿಕ್ಸನ್ನು ಬಳಕೆಗೆ ತಂದರು. 1986ರಲ್ಲಿ ಕೆರ್ ಮತ್ತು ರಾತ್, 1988ರಲ್ಲಿ ವಿಜಯ್ ಕುಮಾರ್ ಮತ್ತು ವಾಲ್ಡ್ರನ್ ಬಲ ಹಂಚಿಕೆಯನ್ನೇ ಪ್ರತ್ಯೇಕ ಪ್ರಶ್ನೆಯಾಗಿ ಎತ್ತಿಕೊಂಡರು. 1993ರಲ್ಲಿ ವಿಲಿಯಮ್ಸ್ ಮತ್ತು ಖತೀಬ್ ಹಿಡಿದ ಜಾಗಗಳ ನಡುವೆ ಕಾಲ್ಪನಿಕ ಸರಳುಗಳನ್ನು ಇಟ್ಟು ಆಂತರಿಕ ಬಲಕ್ಕೆ ಕಣ್ಣಿಗೆ ಕಾಣುವ ರೂಪ ಕೊಟ್ಟರು. ಪ್ರತಿ ಸರಳಿನಲ್ಲಿ ಎಷ್ಟು ಒತ್ತಡ, ಎಷ್ಟು ಎಳೆತ ಎಂದು ಓದಿಕೊಂಡರೆ ಸಾಕು. ಡೀಬಗ್ ಮಾಡುವಾಗ ಸ್ಕ್ರೀನಿನ ಮೇಲೆ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಮಾಣ ನನಗೆ ಗೊತ್ತಿಲ್ಲ.

ಸ್ಯೂಡೋಇನ್ವರ್ಸ್ ಎಂಬ ಸುಲಭದ ದಾರಿ

ಕೋಡ್ ಬರೆಯಲು ಕೂತವರು ಮೊದಲು ಮಾಡುವುದು ಗ್ರಾಸ್ಪ್ ಮ್ಯಾಟ್ರಿಕ್ಸಿನ ಸ್ಯೂಡೋಇನ್ವರ್ಸ್ ತೆಗೆಯುವುದು. ಬೇಕಾದ ಒಟ್ಟು ಬಲವನ್ನು ಕೊಟ್ಟರೆ ಅದು ಎಲ್ಲ ಕೈಗಳ ಬಲಗಳ ವರ್ಗಗಳ ಮೊತ್ತ ಅತಿ ಕಡಿಮೆ ಇರುವ ಉತ್ತರ ಕೊಡುತ್ತದೆ. 6 ಕೆಜಿಯ ಪೆಟ್ಟಿಗೆ, ಎರಡು ಬದಿಯಲ್ಲಿ ಎರಡು ಅಂಗೈ (ಕೈಗಳು ಮೊದಲಿನವಕ್ಕಿಂತ ಬಲವಾದವು ಎಂದುಕೊಳ್ಳಿ). ಸ್ಯೂಡೋಇನ್ವರ್ಸಿನ ಉತ್ತರ: ಪ್ರತಿ ಕೈ 29.4 ನ್ಯೂಟನ್ ಮೇಲಕ್ಕೆ, ಅದುಮುವ ಬಲ ಸೊನ್ನೆ. ಗಣಿತ ಸರಿ, ಪೆಟ್ಟಿಗೆ ನೆಲಕ್ಕೆ. ಅಂಗೈ ತಳ್ಳಬಲ್ಲದು, ಎಳೆಯಲಾರದು. ತಳ್ಳದಿದ್ದರೆ ಘರ್ಷಣೆಯೂ ಇಲ್ಲ ಎಂಬುದು ಆ ಲೆಕ್ಕಕ್ಕೆ ಗೊತ್ತೇ ಇಲ್ಲ. ಹಾಗಾಗಿ ಸ್ಪರ್ಶದ ಹಿಡಿತದಲ್ಲಿ ಸ್ಯೂಡೋಇನ್ವರ್ಸಿನ ಉತ್ತರಕ್ಕೆ ಅದುಮುವ ಬಲವನ್ನು ನಾವೇ ಸೇರಿಸಬೇಕು. ಈ ಉದಾಹರಣೆಯಲ್ಲಿ 29.4 ಭಾಗಿಸು 0.4, ಅಂದರೆ ಕನಿಷ್ಠ 73.6 ನ್ಯೂಟನ್, 1.4 ಪಟ್ಟು ಮಾಡಿದರೆ 103.

ಗ್ರಿಪ್ಪರಿನಲ್ಲಿ ಗಟ್ಟಿಯಾಗಿ ಕಚ್ಚಿ ಹಿಡಿದಾಗ ಈ ತೊಂದರೆ ಇಲ್ಲ, ಅಲ್ಲಿ ಬೇರೆ ತೊಡಕಿದೆ. 80 ಸೆಂಟಿಮೀಟರ್ ಉದ್ದದ ಒಂದು ತೊಲೆಯನ್ನು ಎರಡು ತುದಿಯಲ್ಲಿ ಎರಡು ಕೈ ಹಿಡಿದಿವೆ, ನಡುವಿನಿಂದ ಪ್ರತಿ ಕೈ 0.4 ಮೀಟರ್ ದೂರ. ತೊಲೆಗೆ 10 ನ್ಯೂಟನ್ ಮೀಟರ್ ತಿರುಚುಬಲ ಕೊಡಬೇಕು. ಒಂದು ಕೈ ಮೇಲಕ್ಕೆ, ಇನ್ನೊಂದು ಕೆಳಕ್ಕೆ ತಳ್ಳಿ ತಿರುಗಿಸಬಹುದು. ಇಲ್ಲವೇ ಎರಡೂ ಮಣಿಕಟ್ಟನ್ನು ತಿರುಚಿ ಮಾಡಬಹುದು. ಮೀಟರಿನಲ್ಲಿ ಲೆಕ್ಕ ಹಾಕಿ ಸ್ಯೂಡೋಇನ್ವರ್ಸ್ ತೆಗೆದರೆ ಪ್ರತಿ ಕೈ 1.72 ನ್ಯೂಟನ್ ತಳ್ಳಿ, 4.31 ನ್ಯೂಟನ್ ಮೀಟರ್ ತಿರುಚಲಿ ಎಂದು ಬರುತ್ತದೆ. ಹೆಚ್ಚುಕಮ್ಮಿ ಎಲ್ಲವೂ ಮಣಿಕಟ್ಟಿನ ಮೇಲೆ. ಅದೇ ಕೋಡಿನಲ್ಲಿ ಮೀಟರನ್ನು ಮಿಲಿಮೀಟರ್ ಮಾಡಿ, ಬೇರೇನೂ ಮುಟ್ಟಬೇಡಿ. ಈಗ ಉತ್ತರ: ಪ್ರತಿ ಕೈ 12.5 ನ್ಯೂಟನ್ ತಳ್ಳಲಿ, ಮಣಿಕಟ್ಟಿನ ತಿರುಚು ಹತ್ತಿರಹತ್ತಿರ ಸೊನ್ನೆ. ತೊಲೆ ಅದೇ, ಕೈಗಳು ಅವೇ, ಆದರೆ ಭಾರ ಹೊರುವ ಕೀಲುಗಳು ಪೂರ್ತಿ ಬೇರೆ.

ಕಾರಣ ಸರಳ: ನ್ಯೂಟನ್ನಿನ ವರ್ಗವನ್ನೂ ನ್ಯೂಟನ್ ಮೀಟರಿನ ವರ್ಗವನ್ನೂ ಕೂಡಿಸುವುದಕ್ಕೆ ಭೌತಿಕ ಅರ್ಥವಿಲ್ಲ. ಕೂಡಿಸಿದ ಮೇಲೆ ಯಾವುದಕ್ಕೆ ಎಷ್ಟು ಪ್ರಾಮುಖ್ಯ ಎಂಬ ತೂಕವನ್ನು ನೀವು ಬಳಸಿದ ಏಕಮಾನವೇ ಹಾಕಿಬಿಡುತ್ತದೆ. ತೂಕವನ್ನು ನಾವೇ ಹಾಕುವುದೇ ಪರಿಹಾರ. ಪ್ರತಿ ಕೈಯ ಗರಿಷ್ಠ ಬಲದಿಂದ ಬಲವನ್ನೂ, ಗರಿಷ್ಠ ತಿರುಚುಬಲದಿಂದ ತಿರುಚುಬಲವನ್ನೂ ಭಾಗಿಸಿ, ಏಕಮಾನವಿಲ್ಲದ ಸಂಖ್ಯೆಗಳ ಮೇಲೆ ಲೆಕ್ಕ ನಡೆಸಿ. ಇದಕ್ಕಿಂತ ಒಳ್ಳೆಯದೆಂದರೆ ಕೀಲುಗಳ ಟಾರ್ಕನ್ನೇ (ತಿರುಚುಬಲವನ್ನೇ) ಅಳತೆಗೋಲಾಗಿ ಇಟ್ಟುಕೊಳ್ಳುವುದು. ಕೈಯ ಜೇಕೋಬಿಯನ್ (ಕೀಲುಗಳ ಚಲನೆಯನ್ನು ಕೈತುದಿಯ ಚಲನೆಗೆ ಜೋಡಿಸುವ ಮ್ಯಾಟ್ರಿಕ್ಸ್) ಮೂಲಕ ಬಲವನ್ನು ಕೀಲಿನ ಟಾರ್ಕಿಗೆ ಇಳಿಸಿ, ಪ್ರತಿ ಕೀಲಿನ ಮಿತಿಯಿಂದ ಭಾಗಿಸಿ, ಅದರ ವರ್ಗಗಳ ಮೊತ್ತವನ್ನು ಕಡಿಮೆ ಮಾಡಿ. ಆಗ ಪೂರ್ತಿ ಚಾಚಿಕೊಂಡ ಕೈಗೆ ತಾನಾಗಿಯೇ ಕಡಿಮೆ ಪಾಲು, ಮಡಿಚಿಕೊಂಡು ಬಲವಾಗಿ ನಿಂತ ಕೈಗೆ ಹೆಚ್ಚು ಪಾಲು ಬರುತ್ತದೆ. ವಸ್ತು ಚಲಿಸಿದಂತೆ ಈ ಪಾಲು ಮೆಲ್ಲಗೆ ಬದಲಾಗುತ್ತಲೂ ಹೋಗುತ್ತದೆ.

ನಡುವಿನಲ್ಲಿಲ್ಲದ ಭಾರ

ಮೇಲಿನ 6 ಕೆಜಿಯ ಪೆಟ್ಟಿಗೆಗೇ ಮರಳೋಣ. ಅಗಲ 40 ಸೆಂಟಿಮೀಟರ್. ಒಳಗಿನ ಸಾಮಾನು ಜರುಗಿ ಭಾರಕೇಂದ್ರ ನಡುವಿನಿಂದ 8 ಸೆಂಟಿಮೀಟರ್ ಬಲಕ್ಕೆ ಸರಿದಿದೆ. ಅಂಗೈಗಳನ್ನು ಬಿಂದುಗಳೆಂದು ಪರಿಗಣಿಸಿದರೆ ಬಲಗೈ 41.2, ಎಡಗೈ 17.7 ನ್ಯೂಟನ್ ಮೇಲಕ್ಕೆ ಎತ್ತಲೇಬೇಕು, ಇಲ್ಲದಿದ್ದರೆ ಪೆಟ್ಟಿಗೆ ವಾಲುತ್ತದೆ. ಬಲಗೈಗೆ ಬೇಕಾದ ಕನಿಷ್ಠ ಒತ್ತುಬಲ 41.2 ಭಾಗಿಸು 0.4, ಅಂದರೆ 103 ನ್ಯೂಟನ್. ನಾವು ಸುರಕ್ಷತೆ ಸೇರಿಸಿ ಇಟ್ಟುಕೊಂಡಿದ್ದೂ 103. ಅಂತರವೆಲ್ಲ ಎಂಟು ಸೆಂಟಿಮೀಟರಿನಲ್ಲಿ ಕರಗಿಹೋಯಿತು. ನಿಂತಲ್ಲಿ ಹಿಡಿದಿರುತ್ತದೆ, ಸ್ವಲ್ಪ ವೇಗವಾಗಿ ಮೇಲೆತ್ತಿದರೆ ಬಲಗೈಯಲ್ಲಿ ಜಾರುತ್ತದೆ. ಎಡಗೈಯಲ್ಲಿ ಬೇಕಾದಷ್ಟು ಹಿಡಿತವಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಅದುಮುವ ಬಲ ಎರಡೂ ಕಡೆ ಒಂದೇ ಇರಬೇಕು.

ಅಂಗೈ ಬಿಂದುವಲ್ಲದಿದ್ದರೆ ಇನ್ನೊಂದು ದಾರಿ ತೆರೆಯುತ್ತದೆ. ಪ್ಯಾಡ್ 80 ಮಿ.ಮೀ. ಎತ್ತರವಿದೆ ಎಂದರೆ ಒತ್ತಡದ ಕೇಂದ್ರ ನಡುವಿನಿಂದ 40 ಮಿ.ಮೀ.ವರೆಗೆ ಮೇಲೆ ಕೆಳಗೆ ಸರಿಯಬಲ್ಲದು. ಅದು ಬಲಗಡೆಯ ಪ್ಯಾಡಿನಲ್ಲಿ 23 ಮಿ.ಮೀ. ಮೇಲಕ್ಕೆ, ಎಡಗಡೆಯ ಪ್ಯಾಡಿನಲ್ಲಿ 23 ಮಿ.ಮೀ. ಕೆಳಕ್ಕೆ ಸರಿದರೆ 103 ನ್ಯೂಟನ್ ಒತ್ತುಬಲವೇ ವಾಲುವಿಕೆಯ 4.7 ನ್ಯೂಟನ್ ಮೀಟರನ್ನು ತಡೆಯುತ್ತದೆ. ಎತ್ತುವ ಭಾರ ಮತ್ತೆ ಎರಡೂ ಕೈಗೆ ಸಮವಾಗಿ 29.4 ಆಗುತ್ತದೆ, 1.4 ಪಟ್ಟಿನ ಅಂತರ ಮರಳಿ ಬರುತ್ತದೆ. ಅಂದರೆ ವಾಲುವುದನ್ನು ತಡೆಯುವ ಕೆಲಸ ಘರ್ಷಣೆಯದೋ ಒತ್ತಡದ ಸರಿದಾಟದ್ದೋ ಎಂಬುದು ನಮ್ಮ ಆಯ್ಕೆ. ಮಣಿಕಟ್ಟುಗಳಿಗೆ ತಲಾ ಸುಮಾರು 2.4 ನ್ಯೂಟನ್ ಮೀಟರ್ ತಿರುಚು ಆಜ್ಞೆ ಕೊಟ್ಟರೆ ಈ ಆಯ್ಕೆ ಜಾರಿಯಾಗುತ್ತದೆ. ಒತ್ತಡದ ಕೇಂದ್ರ ಪ್ಯಾಡಿನ ಅಂಚಿಗೆ ಬಂದರೆ ಪ್ಯಾಡಿನ ಮತ್ತೊಂದು ಅಂಚು ಏಳತೊಡಗುತ್ತದೆ. ಹಾಗಾಗಿ 40ರ ಬದಲು 28ರಿಂದ 30 ಮಿ.ಮೀ. ಮಿತಿ ಇಟ್ಟುಕೊಳ್ಳುವುದು ಲೇಸು.

ಭಾರಕೇಂದ್ರ ಎಲ್ಲಿದೆ ಎಂದು ತಿಳಿಯಲು ಬೇರೆ ಯಂತ್ರ ಬೇಡ. ಪೆಟ್ಟಿಗೆಯನ್ನು 5 ಮಿ.ಮೀ. ಮಾತ್ರ ಎತ್ತಿ, ಅರ್ಧ ಸೆಕೆಂಡ್ ನಿಲ್ಲಿಸಿ, ಎರಡೂ ಮಣಿಕಟ್ಟಿನ ಬಲ, ತಿರುಚು ಓದಿಕೊಳ್ಳಿ. ಮೊತ್ತದಿಂದ ತೂಕ, ತಿರುಚಿನಿಂದ ಭಾರಕೇಂದ್ರದ ಜಾಗ ಸಿಗುತ್ತದೆ. ಅದನ್ನು ಹಾಕಿ ಹಂಚಿಕೆಯನ್ನು ಮತ್ತೆ ಲೆಕ್ಕಮಾಡಿ, ಆಮೇಲೆ ಪೂರ್ತಿ ಎತ್ತಿ. ಈ ಅರ್ಧ ಸೆಕೆಂಡನ್ನು ಉಳಿಸಲು ಹೋಗಿ ಪೆಟ್ಟಿಗೆ ಬೀಳಿಸುವುದರಲ್ಲಿ ಲಾಭವಿಲ್ಲ.

ಗಟ್ಟಿ ಕೈಗಳು ಜಗಳವಾಡುವಾಗ

ಕಾರ್ಖಾನೆಯ ಕೈಗಳು ಸ್ಥಾನವನ್ನು ಪಾಲಿಸುವಂತೆ ಮಾಡಿದವು. ಹೇಳಿದ ಜಾಗಕ್ಕೆ ಹೋಗುತ್ತವೆ, ಅಡ್ಡ ಬಂದದ್ದನ್ನು ತಳ್ಳುತ್ತವೆ. ಅಂಥ ಎರಡು ಕೈ ಒಂದೇ ಗಟ್ಟಿ ವಸ್ತುವನ್ನು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಸಾಕು. ಪ್ರತಿ ಕೈಯ ತುದಿಯ ಬಿಗಿತ ಮಿಲಿಮೀಟರಿಗೆ 200 ನ್ಯೂಟನ್ ಎಂದಿಟ್ಟುಕೊಳ್ಳಿ. ವಸ್ತುವಿನ ಮೂಲಕ ಎರಡೂ ಸರಣಿಯಲ್ಲಿ ಸೇರಿ 100 ಆಗುತ್ತದೆ. ಎರಡು ಕೈಗಳ ಬುಡಗಳನ್ನು ಪರಸ್ಪರ ಅಳೆಯುವಾಗ 0.2 ಡಿಗ್ರಿ ತಪ್ಪಾಗಿದೆ. ಇದು ಕಣ್ಣಿಗೆ ಕಾಣುವ ತಪ್ಪಲ್ಲ. ಎರಡೂ ಕೈ 'ನೇರವಾಗಿ' 500 ಮಿ.ಮೀ. ಮುಂದೆ ಹೋಗುವಷ್ಟರಲ್ಲಿ ಅವುಗಳ ನಡುವಿನ ದೂರ 1.7 ಮಿ.ಮೀ. ಬದಲಾಗಿರುತ್ತದೆ. ಆಂತರಿಕ ಬಲ ಸುಮಾರು 175 ನ್ಯೂಟನ್. ದಿಕ್ಕು ಒಂದು ಕಡೆಯಾದರೆ ಪೆಟ್ಟಿಗೆ ನಜ್ಜುಗುಜ್ಜು, ಇನ್ನೊಂದು ಕಡೆಯಾದರೆ ಹಿಡಿತ ಸಡಿಲಗೊಂಡು ಬೀಳುತ್ತದೆ.

ವಿಳಂಬವೂ ಇದೇ ಕೆಲಸ ಮಾಡುತ್ತದೆ. ಒಂದು ಕೈಯ ಕಂಟ್ರೋಲರ್ ಇನ್ನೊಂದಕ್ಕಿಂತ 8 ಮಿಲಿಸೆಕೆಂಡ್ ಹಿಂದಿದ್ದು, ಎರಡೂ ಅದುಮುವ ದಿಕ್ಕಿನಲ್ಲೇ ಸೆಕೆಂಡಿಗೆ 250 ಮಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ 2 ಮಿ.ಮೀ. ವ್ಯತ್ಯಾಸ, 200 ನ್ಯೂಟನ್.

ಆಂತರಿಕ ಬಲ ಬೇಕಾದ್ದಕ್ಕಿಂತ ಬೇರೆ ಬರುತ್ತಿದೆ ಎಂದರೆ ಮೊದಲು ಅದರ ಗ್ರಾಫನ್ನು ನೋಡಬೇಕು, ಗೇನ್ (ಕಂಟ್ರೋಲರ್ ಎಷ್ಟು ಜೋರಾಗಿ ಪ್ರತಿಕ್ರಿಯಿಸಬೇಕು ಎಂಬ ಅಳತೆ) ತಿರುಗಿಸಬಾರದು. ಆ ಬಲವು ಕೈಗಳ ಸ್ಥಾನದ ಜೊತೆ ಬದಲಾಗಿ, ಅದೇ ಜಾಗಕ್ಕೆ ಮರಳಿದಾಗ ಅದೇ ಮೌಲ್ಯಕ್ಕೆ ಬಂದರೆ ಕ್ಯಾಲಿಬ್ರೇಷನ್ ದೋಷ. ವೇಗಕ್ಕೆ ತಕ್ಕಂತೆ ಏರಿ, ನಿಂತಾಗ ಸೊನ್ನೆಯಾಗಿ, ದಿಕ್ಕು ಬದಲಿಸಿದಾಗ ಚಿಹ್ನೆ ಬದಲಿಸಿದರೆ ಸಮಯದ ಹೊಂದಾಣಿಕೆ ತಪ್ಪಿದೆ. ಪೆಟ್ಟಿಗೆಯನ್ನು ಓರೆ ಮಾಡಿದಾಗ ಮಾತ್ರ ಬಂದರೆ ಗ್ರಿಪ್ಪರಿನ ತೂಕ ಕಳೆಯುವ ಲೆಕ್ಕದಲ್ಲಿ ತಪ್ಪಿದೆ. ಏನೂ ಅಲುಗದೆ ಅರ್ಧ ಗಂಟೆಯಲ್ಲಿ ಮೆಲ್ಲಗೆ ಒಂದೇ ಕಡೆ ಜರುಗಿದರೆ ಸೆನ್ಸರ್ ಬಿಸಿಯಾಗುತ್ತಿದೆ. ಈ ನಾಲ್ಕೂ ನೋಡಲು ಒಂದೇ ರೀತಿ ಕಾಣುವ ದೂರನ್ನು ಹುಟ್ಟಿಸುತ್ತವೆ, ಮದ್ದು ಮಾತ್ರ ಬೇರೆಬೇರೆ.

ಗ್ರಿಪ್ಪರಿನ ತೂಕದ ಬಗ್ಗೆ ಒಂದು ಮಾತು. ಮಣಿಕಟ್ಟಿನ ಬಲ ಸೆನ್ಸರ್ ತನ್ನಿಂದಾಚೆಗಿನ ಎಲ್ಲವನ್ನೂ ಅಳೆಯುತ್ತದೆ, ಗ್ರಿಪ್ಪರನ್ನೂ ಸೇರಿಸಿ. 1.2 ಕೆಜಿಯ ಗ್ರಿಪ್ಪರ್ ಅಂದರೆ 11.8 ನ್ಯೂಟನ್, ಪೆಟ್ಟಿಗೆಯನ್ನು 30 ಡಿಗ್ರಿ ಓರೆ ಮಾಡಿದರೆ ಅದರಲ್ಲಿ 5.9 ನ್ಯೂಟನ್ ಅದುಮುವ ದಿಕ್ಕಿಗೆ ಬಂದು ಕೂರುತ್ತದೆ. ಕೈಯನ್ನು ಹತ್ತಾರು ಬೇರೆಬೇರೆ ಭಂಗಿಯಲ್ಲಿ ನಿಲ್ಲಿಸಿ ಓದಿಕೊಂಡು, ಗ್ರಿಪ್ಪರಿನ ತೂಕ, ಅದರ ಭಾರಕೇಂದ್ರ, ಸೆನ್ಸರಿನ ಸೊನ್ನೆ ಮೂರನ್ನೂ ಲೀಸ್ಟ್ ಸ್ಕ್ವೇರ್ಸ್‌ನಲ್ಲಿ (ತಪ್ಪುಗಳ ವರ್ಗಗಳ ಮೊತ್ತವನ್ನು ಕಡಿಮೆ ಮಾಡುವ ವಿಧಾನದಲ್ಲಿ) ಕಂಡುಹಿಡಿಯಬೇಕು. ಸೆನ್ಸರನ್ನು ಆನ್ ಮಾಡಿ ಬಿಸಿಯಾಗಲು ಬಿಟ್ಟ ಮೇಲೆ ಮಾಡಬೇಕು. ಪೆಟ್ಟಿಗೆಯನ್ನು ಹಿಡಿದುಕೊಂಡೇ ಸೊನ್ನೆ ಮಾಡಿದರೆ ಆ ಕ್ಷಣದ ಆಂತರಿಕ ಬಲವನ್ನು ಸೊನ್ನೆ ಎಂದು ನಂಬಿದಂತಾಗುತ್ತದೆ.

ಎರಡು ಸೆನ್ಸರಿನಿಂದ ಅದುಮುವ ಬಲ ತೆಗೆಯುವುದು ಹೀಗೆ: ಎಡದಿಂದ ಬಲಕ್ಕೆ ಹೋಗುವ ಗೆರೆಯ ದಿಕ್ಕಿನಲ್ಲಿ ಎರಡು ಕೈಗಳೂ ಪೆಟ್ಟಿಗೆಗೆ ಕೊಡುವ ಬಲದ ವ್ಯತ್ಯಾಸದ ಅರ್ಧ. ಮೊತ್ತ ಪೆಟ್ಟಿಗೆಯ ಚಲನೆಗೆ, ವ್ಯತ್ಯಾಸ ಹಿಡಿತಕ್ಕೆ. ಇದರಲ್ಲಿ ಒಂದು ಅನುಕೂಲವೂ ಇದೆ: ಎರಡು ಗ್ರಿಪ್ಪರುಗಳೂ ಒಂದೇ ಮಾದರಿಯವಾಗಿದ್ದು ಎರಡರಲ್ಲೂ ತೂಕದ ಲೆಕ್ಕ ಒಂದೇ ಥರ ತಪ್ಪಿದ್ದರೆ ಆ ತಪ್ಪು ವ್ಯತ್ಯಾಸದಲ್ಲಿ ಕಳೆದುಹೋಗುತ್ತದೆ, ಮೊತ್ತದಲ್ಲಿ ಮಾತ್ರ ಕಾಣಿಸುತ್ತದೆ. ವ್ಯತ್ಯಾಸದಲ್ಲೂ ಕಂಡರೆ ಒಂದೇ ಕೈಯಲ್ಲಿ ತಪ್ಪಿದೆ ಎಂದರ್ಥ.

ಅಡ್ಡದಿಕ್ಕಿನ ವೇಗವರ್ಧನೆಯನ್ನೂ ಮರೆಯಬಾರದು. 6 ಕೆಜಿಯನ್ನು ಅದುಮುವ ದಿಕ್ಕಿನಲ್ಲಿ ಸೆಕೆಂಡಿನ ವರ್ಗಕ್ಕೆ 2 ಮೀಟರಿನಂತೆ ತಳ್ಳಲು 12 ನ್ಯೂಟನ್ ಬೇಕು. ಸಮವಾಗಿ ಹಂಚಿದರೆ ಹಿಂದಿನ ಕೈಯಲ್ಲಿ 6 ಏರುತ್ತದೆ, ಮುಂದಿನ ಕೈಯಲ್ಲಿ 6 ಇಳಿಯುತ್ತದೆ. ಘರ್ಷಣೆಯ ಲೆಕ್ಕ ಹಾಕಬೇಕಾದ್ದು ಇಳಿದ ಕೈಗೆ.

ಮೃದುತ್ವ ಎಲ್ಲಿ ಇರಬೇಕು

ಆಂತರಿಕ ಬಲವನ್ನು ಹಿಡಿತದಲ್ಲಿಡಲು ಎಲ್ಲೋ ಒಂದು ಕಡೆ ಮೃದುತ್ವ ಇರಲೇಬೇಕು. ಅತಿ ಅಗ್ಗದ ಮದ್ದು ರಬ್ಬರ್ ಪ್ಯಾಡ್. ಪ್ರತಿ ಅಂಗೈಗೆ ಮಿಲಿಮೀಟರಿಗೆ 10 ನ್ಯೂಟನ್ ಬಿಗಿತದ ಪ್ಯಾಡ್ ಅಂಟಿಸಿದರೆ ಸರಣಿಯ ಬಿಗಿತ 100ರಿಂದ 4.8ಕ್ಕೆ ಇಳಿಯುತ್ತದೆ. ಮೇಲಿನ 1.7 ಮಿ.ಮೀ. ತಪ್ಪು ಈಗ 175ರ ಬದಲು ಸುಮಾರು 8 ನ್ಯೂಟನ್. ಯಾವ ಸಾಫ್ಟ್‌ವೇರೂ ಇಷ್ಟು ಸಲೀಸಾಗಿ ಇಷ್ಟು ದೊಡ್ಡ ಉಪಕಾರ ಮಾಡುವುದಿಲ್ಲ. ಬೆಲೆಯೂ ಇದೆ. ಅದುಮುವ ದಿಕ್ಕಿನಲ್ಲಿ ಪೆಟ್ಟಿಗೆ ಎರಡು ಸ್ಪ್ರಿಂಗುಗಳ ನಡುವೆ ಕೂತಂತಾಗುತ್ತದೆ. ಮಿಲಿಮೀಟರಿಗೆ 20 ನ್ಯೂಟನ್, 6 ಕೆಜಿ, ಸಹಜ ಕಂಪನ ಸೆಕೆಂಡಿಗೆ 9 ಬಾರಿ. ಬಲದ ಲೂಪಿನ (ಬಲವನ್ನು ಅಳೆದು ಮತ್ತೆಮತ್ತೆ ತಿದ್ದುವ ಸುತ್ತಿನ) ವೇಗ ಇದರ ಹತ್ತಿರ ಬಂದರೆ ಪೆಟ್ಟಿಗೆ ನಡುಗತೊಡಗುತ್ತದೆ.

ಸಾಫ್ಟ್‌ವೇರಿನಲ್ಲಿ ಮೃದುತ್ವ ತರುವುದಾದರೆ ಎರಡು ಕೈಗಳನ್ನು ಪ್ರತ್ಯೇಕ ಕೈಗಳಾಗಿ ನೋಡುವುದನ್ನು ಬಿಟ್ಟು, ಜೋಡಿಯ ಒಟ್ಟು ಚಲನೆ ಮತ್ತು ಅವುಗಳ ನಡುವಿನ ಸಾಪೇಕ್ಷ ಚಲನೆ ಎಂದು ಒಡೆದುಕೊಳ್ಳಬೇಕು. ಒಟ್ಟು ಚಲನೆ ಗಟ್ಟಿಯಾಗಿ ಸ್ಥಾನವನ್ನು ಪಾಲಿಸಲಿ, ಸಾಪೇಕ್ಷ ಚಲನೆ ಬಲವನ್ನು ಪಾಲಿಸಲಿ. ಅಳೆದ ಅದುಮುವ ಬಲ 103ಕ್ಕಿಂತ ಕಡಿಮೆಯಿದ್ದರೆ ಕೈಗಳ ನಡುವಿನ ದೂರವನ್ನು ನಿಧಾನವಾಗಿ ಕಿರಿದು ಮಾಡುತ್ತಾ ಹೋಗುವ ಅಡ್ಮಿಟೆನ್ಸ್ ಲೂಪ್ ಸಾಕು. ಮುಂದಾಳು–ಹಿಂಬಾಲಕ ವ್ಯವಸ್ಥೆಯಲ್ಲಿ ಎಲ್ಲ ಹೊಂದಾಣಿಕೆಯೂ ಒಂದೇ ಕೈಯ ಮೇಲೆ ಬೀಳುತ್ತದೆ, ಮುಂದಾಳು ವೇಗವಾಗಿ ಹೋದಾಗ ಹಿಂಬಾಲಕ ಬಲದ ತಪ್ಪನ್ನು ಕಂಡ ಮೇಲಷ್ಟೇ ಓಡುತ್ತದೆ. ನಿಧಾನದ ಕೆಲಸಕ್ಕೆ ಪರವಾಗಿಲ್ಲ. ವೇಗ ಬೇಕಾದಲ್ಲಿ ಎರಡೂ ಕೈಗೆ ಒಂದೇ ಗಡಿಯಾರದಿಂದ ಚಲನೆಯ ಆಜ್ಞೆ ಹೋಗಲಿ, ಬಲದ ಲೂಪ್ ಬರೀ ಅಳಿದುಳಿದದ್ದನ್ನು ಸರಿಪಡಿಸಲಿ.

ಮೂರು, ನಾಲ್ಕು, ಹೆಚ್ಚು

ಕೈಕಾಲುಗಳು ಹೆಚ್ಚಿದಂತೆ ಕೈಲೆಕ್ಕ ಸಾಲದು, ಆಪ್ಟಿಮೈಸೇಷನ್ ಬೇಕು. ನಾಲ್ಕು ಸ್ಪರ್ಶಕ್ಕೆ 12 ಚರಾಂಶಗಳ ಸಣ್ಣ ಕ್ವಾಡ್ರಾಟಿಕ್ ಪ್ರೋಗ್ರಾಂ, ಅಂದರೆ ಮಿತಿಗಳನ್ನು ದಾಟದೆ ವರ್ಗಗಳ ಮೊತ್ತವನ್ನು ಕಡಿಮೆ ಮಾಡುವ ಲೆಕ್ಕ. ಇಂದಿನ ಸಾಮಾನ್ಯ ಪ್ರೊಸೆಸರ್ ಇದನ್ನು ಒಂದು ಮಿಲಿಸೆಕೆಂಡಿನೊಳಗೆ ಬಿಡಿಸುತ್ತದೆ. ಇಲ್ಲಿ ಎಲ್ಲರೂ ಎಡವುವ ಕಲ್ಲು ಘರ್ಷಣೆಯ ಶಂಕು. ನಿಜವಾದ ನಿಯಮ: ಮೇಲ್ಮೈಗುಂಟದ ಎರಡು ಬಲಗಳ ಒಟ್ಟು ಪ್ರಮಾಣ ಒತ್ತುಬಲದ 0.4 ಪಟ್ಟು ದಾಟಬಾರದು. ಅದನ್ನು ಸರಳ ರೇಖೆಗಳಿಗೆ ಇಳಿಸುವಾಗ 'ಪ್ರತಿ ಬಲವೂ 0.4 ಪಟ್ಟಿನೊಳಗಿರಲಿ' ಎಂದು ಬರೆದುಬಿಡುತ್ತಾರೆ. ಆಗ ಮೂಲೆಯ ದಿಕ್ಕಿನಲ್ಲಿ 0.57 ಪಟ್ಟಿನವರೆಗೂ ಸರಿ ಎಂದು ಸಾಲ್ವರ್ ಹೇಳುತ್ತದೆ. ವಸ್ತು ಮಾತ್ರ ಜಾರುತ್ತದೆ, ಅದೂ ಓರೆ ದಿಕ್ಕಿನಲ್ಲಿ ಮಾತ್ರ. ಚೌಕವನ್ನು ವೃತ್ತದೊಳಗೆ ಕೂರಿಸಲು 0.4ರ ಬದಲು 0.28 ಹಾಕಬೇಕು. ಕೆಟ್ಟ ದಿಕ್ಕಿನಲ್ಲಿ 29 ಪ್ರತಿಶತ ಸಾಮರ್ಥ್ಯ ಬಿಟ್ಟುಕೊಟ್ಟಂತಾಯಿತು. ಎಂಟು ಮುಖದ ಶಂಕು ಮಾಡಿದರೆ ಕಳೆದುಕೊಳ್ಳುವುದು 8 ಪ್ರತಿಶತ ಅಷ್ಟೇ. ಶಂಕುವನ್ನು ಶಂಕುವಾಗಿಯೇ ಉಳಿಸಿಕೊಂಡು ಬಿಡಿಸುವ ವಿಧಾನಗಳೂ ಇವೆ. 1996ರಲ್ಲಿ ಬುಸ್, ಹಶಿಮೊಟೊ ಮತ್ತು ಮೂರ್ ಘರ್ಷಣೆಯ ನಿಯಮವನ್ನು ಒಂದು ಮ್ಯಾಟ್ರಿಕ್ಸ್ ಧನಾತ್ಮಕವಾಗಿರಬೇಕೆಂಬ ಷರತ್ತಾಗಿ ಬರೆದು ತೋರಿಸಿದ ಮೇಲೆ ಆ ದಾರಿ ಅಗಲವಾಯಿತು.

ನಡೆಯುವ ರೋಬೋಟಿನ ಕಾಲುಗಳಿಗೂ ಇದೇ ಲೆಕ್ಕ. ಎಂಐಟಿಯ ಚೀತಾ ಆಗಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ಟೋಚ್ ಆಗಲಿ, ನಾಲ್ಕು ಕಾಲಿನ ಯಾವುದೇ ಯಂತ್ರಕ್ಕೆ ದೇಹವೇ ವಸ್ತು, ನೆಲ ತಾಗುವ ಪಾದಗಳೇ ಬೆರಳು. ಅಲ್ಲಿ ಪ್ರತಿ ಹೆಜ್ಜೆಗೂ ಒಂದೆರಡು ಕಾಲು ಹಂಚಿಕೆಯಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತವೆ. ಕೈಗಳು ಹಿಡಿತ ಬದಲಿಸುವಾಗಲೂ ಹಾಗೆಯೇ. ಒಂದು ಬೆರಳನ್ನು ತೆಗೆಯುವ ಮೊದಲು ಉಳಿದವು ಮಾತ್ರವೇ ಭಾರ ಹೊರಬಲ್ಲವೇ ಎಂದು ಸಾಲ್ವರನ್ನು ಕೇಳಬೇಕು. ಹೌದೆಂದರೆ ಆ ಬೆರಳಿನ ಒತ್ತುಬಲದ ಮೇಲ್ಮಿತಿಯನ್ನು 200, 300 ಮಿಲಿಸೆಕೆಂಡಿನಲ್ಲಿ ಮೆಲ್ಲಗೆ ಸೊನ್ನೆಗೆ ಇಳಿಸಬೇಕು. ಭಾರ ಉಳಿದವುಗಳ ಕಡೆ ತಾನಾಗಿ ಹರಿಯುತ್ತದೆ. ಒಮ್ಮೆಲೇ ಕಿತ್ತರೆ ವಸ್ತು ಎಗರುತ್ತದೆ.

ಜಾರು ಕಂಡಾಗಲೂ ಒಂದು ಶಿಸ್ತು ಬೇಕು. ಯಾವ ಕೈಯಲ್ಲಿ ಜಾರುತ್ತಿದೆಯೋ ಅದರ ಬಲವನ್ನಷ್ಟೇ ಏರಿಸಿದರೆ ಮೊತ್ತ ಬದಲಾಗಿ ಪೆಟ್ಟಿಗೆ ಇನ್ನೊಂದು ಕಡೆ ನೂಕಿಸಿಕೊಂಡು ಹೋಗುತ್ತದೆ. ಏರಿಕೆ ಯಾವಾಗಲೂ ಒಂದನ್ನೊಂದು ರದ್ದುಮಾಡುವ ದಿಕ್ಕಿನಲ್ಲಿ, ಎರಡೂ ಕೈಯಲ್ಲಿ ಒಟ್ಟಿಗೆ ಆಗಬೇಕು. ಸ್ವೀಡನ್ನಿನ ಯೊಹಾನ್ಸನ್ ಮತ್ತು ವೆಸ್ಟ್‌ಲಿಂಗ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಮನುಷ್ಯರ ಬೆರಳು ಜಾರು ಶುರುವಾದ ಸುಮಾರು 70 ಮಿಲಿಸೆಕೆಂಡಿನಲ್ಲಿ ಹಿಡಿತ ಬಿಗಿ ಮಾಡುವುದು ಕಂಡುಬಂತು, ಅದೂ ನಮಗೆ ಅರಿವಾಗುವ ಮೊದಲೇ. ಘರ್ಷಣೆ ಪೂರ್ತಿ ಹೋದರೆ ಅಷ್ಟು ಹೊತ್ತಿನಲ್ಲಿ ವಸ್ತು 24 ಮಿ.ಮೀ. ಬೀಳುತ್ತದೆ. ರೋಬೋಟಿನ ಜಾರು ಪತ್ತೆ ಇದಕ್ಕಿಂತ ನಿಧಾನವಾಗಿದ್ದರೆ ಸುರಕ್ಷತೆಯ ಅಂತರವನ್ನು ದೊಡ್ಡದಾಗಿಡುವುದೊಂದೇ ದಾರಿ. ಗುಣಾಂಕವನ್ನು ಪುಸ್ತಕದಿಂದ ತೆಗೆದುಕೊಳ್ಳಬೇಡಿ: ನಿಮ್ಮ ಪ್ಯಾಡು, ನಿಮ್ಮ ರಟ್ಟು, ಗೊತ್ತಿರುವ ಒತ್ತುಬಲದಲ್ಲಿ ಹಿಡಿದು ಸ್ಪ್ರಿಂಗ್ ತಕ್ಕಡಿಯಿಂದ ಕೆಳಗೆಳೆದು ಜಾರಿದ ಬಿಂದುವನ್ನು ಬರೆದುಕೊಳ್ಳಿ. ಪ್ಯಾಡಿಗೆ ರಟ್ಟಿನ ಧೂಳು ಹತ್ತಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಆ ಸಂಖ್ಯೆಯನ್ನೇ ಬಳಸಿ.

ತುರ್ತು ನಿಲುಗಡೆಯ ತಂತಿಯನ್ನು ಎರಡೂ ಕೈಗೆ ಒಂದೇ ಸರಪಳಿಯಲ್ಲಿ ಹಾಕಿ. ಒಂದು ಕೈ ತನ್ನಷ್ಟಕ್ಕೆ ನಿಂತು ಇನ್ನೊಂದು ನೂರು ಮಿಲಿಸೆಕೆಂಡ್ ಮುಂದುವರಿದರೂ 250 ಮಿ.ಮೀ. ವೇಗದಲ್ಲಿ 25 ಮಿ.ಮೀ. ವ್ಯತ್ಯಾಸವಾಗುತ್ತದೆ. ಅಷ್ಟನ್ನು ಯಾವ ಪ್ಯಾಡೂ ನುಂಗಲಾರದು.

ಕೆಳಗಿಡುವುದು ಎತ್ತುವುದಕ್ಕಿಂತ ಸುಲಭ ಎಂದು ಅನ್ನಿಸುತ್ತದೆ, ಆದರೆ ಪೆಟ್ಟಿಗೆ ಮೇಜು ತಾಗಿದ ಕ್ಷಣ ಮೇಜೂ ಹಂಚಿಕೆಯಲ್ಲಿ ಪಾಲುದಾರ. ಅದರ ಬಲವನ್ನು ಅಳೆಯಲು ಅಲ್ಲಿ ಸೆನ್ಸರ್ ಇಲ್ಲ. ಕೈಗಳ ಎತ್ತುವ ಬಲದ ಮೊತ್ತ 59 ನ್ಯೂಟನ್ನಿನಿಂದ ಎಷ್ಟು ಇಳಿಯಿತು ಎಂಬುದರಿಂದಲೇ ತಿಳಿಯಬೇಕು. ಕೊನೆಯ ಹತ್ತು ಮಿಲಿಮೀಟರನ್ನು ಸೆಕೆಂಡಿಗೆ 10 ಮಿ.ಮೀ. ವೇಗದಲ್ಲಿ ಇಳಿಸಿ, ಮೊತ್ತ ಸೊನ್ನೆಯ ಹತ್ತಿರ ಬಂದಾಗ ನಿಲ್ಲಿಸಿ. ಆಮೇಲೆ ಅದುಮುವ ಬಲವನ್ನು ಎರಡೂ ಕೈಯಲ್ಲಿ ಸಮವಾಗಿ, ಒಟ್ಟಿಗೆ ಇಳಿಸಿ. ಒಂದು ಕೈ ಮೊದಲು ಬಿಟ್ಟರೆ ಇನ್ನೊಂದರ 103 ನ್ಯೂಟನ್ ಪೆಟ್ಟಿಗೆಯನ್ನು ತಳ್ಳುತ್ತದೆ. ಮೇಜಿನ ಜೊತೆಗಿನ ಗುಣಾಂಕವೂ 0.4 ಇದ್ದರೆ ಮೇಜಿನ ಘರ್ಷಣೆ ತಡೆಯಬಲ್ಲದ್ದು 23.5 ನ್ಯೂಟನ್ ಮಾತ್ರ, ಪೆಟ್ಟಿಗೆ ಬಿಟ್ಟ ಕೈಯ ಕಡೆಗೇ ಸರಿಯುತ್ತದೆ. ಅದುಮುವ ಬಲ 5 ನ್ಯೂಟನ್ನಿಗಿಂತ ಕೆಳಗಿಳಿದ ಮೇಲೆ ಎರಡೂ ಕೈಯನ್ನು ಮೇಲ್ಮೈಗೆ ನೇರವಾಗಿ 20 ಮಿ.ಮೀ. ಹಿಂದಕ್ಕೆ ತೆಗೆದು, ಆಮೇಲೆ ಮೇಲಕ್ಕೆ ಎತ್ತಿ. ಮೊದಲೇ ಮೇಲಕ್ಕೆ ಎತ್ತಿದರೆ ರಬ್ಬರ್ ಪ್ಯಾಡು ರಟ್ಟಿನ ಅಂಚನ್ನು ಹಿಡಿದು ಪೆಟ್ಟಿಗೆಯನ್ನು ಓರೆಯಾಗಿ ಎಬ್ಬಿಸುತ್ತದೆ.